ಬಂದರಿಗೆ ಹೋಗುವ ದಿನದ ಬಿ.ಪಿ.

ನಮ್ಮ ಅಂಗಡಿಯ ಸಾಲದ ಪುಸ್ತಕವನ್ನು ಹಿಂಬದಿಯಿಂದ ತೆರೆದರೆ ಅಲ್ಲಿ ಯಾರ ಸಾಲವೂ ಇಲ್ಲ. ತಾರೀಕು, ಬೆಳಿಗ್ಗೆ ಅಥವಾ ಸಂಜೆ, ಅದರ ಮುಂದೆ ಮೂರು ಅಂಕಿ. ಎಲ್ಲ ಬಾಪನ ಕೈಬರಹ. ಮೊನ್ನೆ ಪುಸ್ತಕ ತಿರುವಿಹಾಕಿದ ಗಿರಾಕಿಯೊಬ್ಬರು, "ಇದು ಯಾರು ದಿನಕ್ಕೆ ಎರಡು ಸಲ ನೂರಮೂವತ್ತು ರೂಪಾಯಿಯ ಸಾಮಾನು ಒಯ್ಯುವುದು? ಒಂದು ಪೈಸೆ ಜಮೆ ಇಲ್ಲವಲ್ಲ!" ಎಂದರು. ಬಾಪ ನಕ್ಕು, "ಅದು ನನ್ನದೇ ಸಾಲ" ಎಂದರು.

ಆ ಅಂಕಿಗಳು ಬಾಪನ ಬಿ.ಪಿ.ಯವು. ಮೇಲಿನದು, ಕೆಳಗಿನದು, ನಾಡಿ. ಅವು ಆ ಪುಸ್ತಕಕ್ಕೆ ಬಂದದ್ದು ಹೇಗೆ ಎಂದು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಯಾಕೆಂದರೆ ನಮ್ಮ ಕುಟುಂಬದಲ್ಲಿ ಅರುವತ್ತು ದಾಟಿದವರಲ್ಲಿ ಬಿ.ಪಿ. ಮಾತ್ರೆ ತಿನ್ನದವರು ಇಬ್ಬರೇ. ನಿಮ್ಮ ಮನೆಯಲ್ಲಿಯೂ ಲೆಕ್ಕ ಇದಕ್ಕಿಂತ ಬೇರೆ ಇರಲಿಕ್ಕಿಲ್ಲ.

ಬಾಪನದು ಹೊಸಂಗಡಿಯಲ್ಲಿ ಸಣ್ಣ ದಿನಸಿ ಅಂಗಡಿ. ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಬೆಳಗಿನ ಬಸ್ಸಿಗೆ ಮಂಗಳೂರಿನ ಬಂದರಿಗೆ ಹೋಗಿ ಸಾಮಾನು ತರುವುದು ಅವರ ಹಳೆಯ ಪದ್ಧತಿ. ಈಗ ಸಗಟು ವ್ಯಾಪಾರಿಗಳ ಗಾಡಿಯೇ ಅಂಗಡಿಯ ಬಾಗಿಲಿಗೆ ಬರುತ್ತದೆ. ಆದರೂ ಮೆಣಸು, ಬೆಲ್ಲ, ಒಣಮೀನು ಕಣ್ಣಿನಿಂದ ನೋಡಿಯೇ ತೆಗೆಯಬೇಕು ಎನ್ನುವವರು ಅವರು. ಡಾಕ್ಟರ್ ಕೂಡ ಮಂಗಳೂರಿನವರೇ. ಹೇಗೂ ಬಂದರಿಗೆ ಹೋಗುತ್ತೇವಲ್ಲ, ಅದೇ ದಿನ ಡಾಕ್ಟರನ್ನೂ ಕಂಡು ಬಂದರೆ ಒಂದು ಬಸ್ ಚಾರ್ಜು ಉಳಿಯಿತು. ಈ ಒಂದು ಉಳಿತಾಯ ನಮಗೆ ಎಷ್ಟು ದುಬಾರಿಯಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಏಳು ವರ್ಷ ಶಾರ್ಜಾದಲ್ಲಿ ಚಿಲ್ಲರ್ ಪ್ಲಾಂಟುಗಳ ಮೆಂಟೆನೆನ್ಸ್ ಮಾಡಿದವನು. ಪಂಪು, ಪೈಪು, ವಾಲ್ವು, ಪ್ರೆಶರ್ ಗೇಜು. ಊರಿಗೆ ಬಂದು ನೆಲೆಸಿದ ವರ್ಷ ನನ್ನ ಗಮನಕ್ಕೆ ಬಂದದ್ದು ಬಾಪನ ಚೀಟಿಗಳು. ಡಾಕ್ಟರ್ ಚೀಟಿಯಲ್ಲಿ ಪ್ರತಿ ಸಲ 165, 170, ಒಮ್ಮೆ 178. ಊರಿನ ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್ ನೋಡಿದಾಗ 130ರ ಆಸುಪಾಸು. ಒಂದೇ ಮನುಷ್ಯ, ಒಂದೇ ವಾರ. ಡಾಕ್ಟರ್ ಪ್ರತಿ ಸಲ ಕೇಳುತ್ತಿದ್ದ ಪ್ರಶ್ನೆ, "ಉಪ್ಪು ಕಡಿಮೆ ಮಾಡಿದ್ದೀರಾ?"

ಆ ಪ್ರಶ್ನೆ ಮನೆಗೆ ಬರುವಷ್ಟರಲ್ಲಿ ಉಮ್ಮನ ಮೇಲಿನ ಆರೋಪವಾಗಿರುತ್ತಿತ್ತು. ಆರೋಪ ಹೊರಿಸಿದವನು ನಾನು, ಬೇರೆ ಯಾರೂ ಅಲ್ಲ. ಉಪ್ಪಿನಕಾಯಿ ಭರಣಿಯನ್ನು ನಾನೇ ಅಟ್ಟಕ್ಕೆ ಹಾಕಿದೆ. ಮಳೆಗಾಲದ ಉಪ್ಪುಸೊಳೆ ಬೇಡ ಎಂದೆ. ಗಂಜಿಗೆ ಒಣಮೀನು ಸುಟ್ಟ ಒಂದು ದಿನ ಎಷ್ಟು ಕೂಗಾಡಿದೆ ಎಂದರೆ ಉಮ್ಮ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಎರಡು ತಿಂಗಳು ಮನೆಯವರೆಲ್ಲ ಸಪ್ಪೆ ಸಾರು ತಿಂದೆವು. ಮುಂದಿನ ಚೀಟಿಯಲ್ಲಿ 172. ಡಾಕ್ಟರ್ ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ಅವರನ್ನು ದೂರುವಂತಿಲ್ಲ. ಅವರ ಕಣ್ಣ ಮುಂದೆ ಇದ್ದದ್ದು ಆ ಒಂದು ಅಂಕಿ ಮಾತ್ರ.

ಇದಾಗಿ ಮೂರನೆಯ ವಾರ, ಒಂದು ಮಂಗಳವಾರ ಬೆಳಿಗ್ಗೆ ಸುಮಾರು ಹತ್ತು ಗಂಟೆಗೆ, ಬಾಪ ಅಂಗಡಿಯಲ್ಲಿ ಕೆಳಗೆ ಬಗ್ಗಿ ಅಕ್ಕಿ ಅಳೆಯುತ್ತಿದ್ದವರು ಎದ್ದು ನಿಂತರು, ನಿಂತವರು ಹಾಗೆಯೇ ಬಿದ್ದರು. ತಕ್ಕಡಿಯ ಅಂಚು ಹುಬ್ಬಿನ ಮೇಲೆ ತಾಗಿತು. ನಾಲ್ಕು ಹೊಲಿಗೆ. ಆಟೋದಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು ಕೂತಿದ್ದಾಗ ಅವರ ಬಿಳಿ ಅಂಗಿಯ ಮೇಲಿನ ರಕ್ತ ನೋಡಿ ನನಗೆ ದೊಡ್ಡಪ್ಪನ ನೆನಪಾಯಿತು. ದೊಡ್ಡಪ್ಪನಿಗೆ ಸ್ಟ್ರೋಕ್ ಆಗಿ ಕೊನೆಯ ನಾಲ್ಕು ವರ್ಷ ಬಲಗೈ ಏಳುತ್ತಿರಲಿಲ್ಲ. ಬಾಪನಿಗೂ ಅದೇ ಆಯಿತು ಎಂದುಕೊಂಡೆ. ಆಸ್ಪತ್ರೆಯಲ್ಲಿ ನೋಡಿದರೆ ಬಿ.ಪಿ. 98/60. ಹೆಚ್ಚಾಗಿ ಬಿದ್ದದ್ದಲ್ಲ, ಕಡಿಮೆಯಾಗಿ ಬಿದ್ದದ್ದು.

ಒಂದೇ ಪೈಪಿನಲ್ಲಿ ಒಂದು ದಿನ 172, ಇನ್ನೊಂದು ದಿನ 98 ತೋರಿಸಿದರೆ ಮೆಂಟೆನೆನ್ಸ್ ಮಾಡುವವನು ಎರಡು ವಿಷಯ ಅನುಮಾನಿಸುತ್ತಾನೆ. ಗೇಜು ಸರಿ ಇಲ್ಲ, ಇಲ್ಲವೇ ಯಾರೋ ಎಲ್ಲೋ ವಾಲ್ವ್ ತಿರುಗಿಸುತ್ತಿದ್ದಾರೆ. ಮೊದಲು ಗೇಜು ನೋಡೋಣ ಎಂದು ತೋಳಿಗೆ ಕಟ್ಟುವ ಡಿಜಿಟಲ್ ಮಿಷನ್ ಒಂದನ್ನು ತಂದೆ.

ಈ ಮಿಷನ್ ಕೆಲಸ ಮಾಡುವ ರೀತಿ ಚೆಂದ. ಹಳೆಯ ಪಾದರಸದ ಮಿಷನಿನಲ್ಲಿ ಡಾಕ್ಟರ್ ಸ್ಟೆತಸ್ಕೋಪ್ ಇಟ್ಟು ಶಬ್ದ ಕೇಳುತ್ತಾರೆ. ಆ ಶಬ್ದಗಳನ್ನು ಗುರುತಿಸಿ ಹೇಳಿದವರು ರಷ್ಯಾದ ಕೊರೊಟ್ಕೋವ್, 1905ರಲ್ಲಿ. ಡಿಜಿಟಲ್ ಮಿಷನ್ ಶಬ್ದ ಕೇಳುವುದಿಲ್ಲ. ಪಟ್ಟಿಯ ಗಾಳಿ ಇಳಿಯುವಾಗ ಒಳಗಿನ ರಕ್ತನಾಳದ ಬಡಿತದಿಂದ ಗಾಳಿಯಲ್ಲಿ ಏಳುವ ಸಣ್ಣ ಅಲುಗಾಟವನ್ನು ಅಳೆಯುತ್ತದೆ. ಅಲುಗಾಟ ಅತಿ ಹೆಚ್ಚಾಗುವ ಜಾಗ ಸರಾಸರಿ ಒತ್ತಡ. ಅದರಿಂದ ಮೇಲಿನದನ್ನೂ ಕೆಳಗಿನದನ್ನೂ ಲೆಕ್ಕ ಹಾಕುತ್ತದೆ. ಹಾಗಾಗಿ ಕೈ ಅಲುಗಾಡಿಸಿದರೆ, ಮಾತಾಡಿದರೆ ಲೆಕ್ಕ ಕೆಡುತ್ತದೆ. ಹೃದಯದ ಬಡಿತವೇ ತಾಳ ತಪ್ಪಿದವರಲ್ಲಿ ಒಂದು ಸಲ ನೋಡಿದ್ದು ನಂಬಲಿಕ್ಕಾಗದು.

ಇನ್ನೊಂದು ವಿಷಯ ನಮಗೆ ಪಾಲಿಟೆಕ್ನಿಕ್‌ನಲ್ಲಿ ಮೊದಲ ವರ್ಷವೇ ಹೇಳಿಕೊಟ್ಟದ್ದು. ಗೇಜನ್ನು ಎತ್ತರದಲ್ಲಿಟ್ಟರೆ ಒಂದು ಒತ್ತಡ, ತಗ್ಗಿನಲ್ಲಿಟ್ಟರೆ ಇನ್ನೊಂದು. ತೋಳು ಹೃದಯದ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗೆ ಜೋತುಬಿದ್ದಿದ್ದರೆ ಸುಮಾರು 8 ಅಂಕಿ ಜಾಸ್ತಿ ತೋರಿಸುತ್ತದೆ. ಅದು ಬರೀ ರಕ್ತದ ಭಾರ. ಬಾಪ ಯಾವಾಗಲೂ ಕೈ ಕೆಳಗೆ ಬಿಟ್ಟು, ಕಾಲ ಮೇಲೆ ಕಾಲು ಹಾಕಿ ಕೂರುವವರು. ಕಾಲು ಅಡ್ಡ ಹಾಕಿದರೂ ಏರುತ್ತದೆ. ಮೂತ್ರ ಕಟ್ಟಿಕೊಂಡಿದ್ದರೂ ಏರುತ್ತದೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೂ ಏರುತ್ತದೆ. ಅರ್ಧ ಗಂಟೆಯೊಳಗೆ ಕಾಫಿ ಕುಡಿದಿದ್ದರೆ, ಬೀಡಿ ಸೇದಿದ್ದರೆ, ಮೆಟ್ಟಿಲು ಹತ್ತಿ ಬಂದಿದ್ದರೆ ಹೇಳುವುದೇ ಬೇಡ. ಪಂಪ್ ಈಗಷ್ಟೇ ಸ್ಟಾರ್ಟ್ ಆಗಿರುವಾಗ ನಾವು ಗೇಜು ಓದಿ ಬರೆದುಕೊಳ್ಳುತ್ತೇವಾ? ಐದು ನಿಮಿಷ ಬಿಡುತ್ತೇವೆ. ಮನುಷ್ಯನಿಗೂ ಅದೇ ಐದು ನಿಮಿಷ.

ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಮೇಜಿನ ಮೇಲೆ. ಬೆಳಿಗ್ಗೆ ಮಾತ್ರೆಗೆ ಮೊದಲು ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ. ಏಳು ದಿನ ಬರೆದು, ಮೊದಲ ದಿನದ್ದು ಬಿಟ್ಟು, ಉಳಿದದ್ದರ ಸರಾಸರಿ. ಮನೆಯಲ್ಲಿ ಹಾಗೆ ನೋಡಿದ ಸರಾಸರಿ 135/85ರಿಂದ ಮೇಲಿದ್ದರೆ ಹೆಚ್ಚು. ಡಾಕ್ಟರ ಎದುರಿಗೆ ಆ ಗೆರೆ 140/90. ಡಾಕ್ಟರ ಎದುರು ಸ್ವಲ್ಪ ಏರುವುದು ಬಹಳ ಜನರಿಗೆ ಇದ್ದದ್ದೇ. ಅಲ್ಲಿ ಸರಿಯಾಗಿದ್ದು ಮನೆಯಲ್ಲಿ ಏರುವವರೂ ಇದ್ದಾರೆ. ಅವರದ್ದು ಹೆಚ್ಚು ಅಪಾಯದ ಕಥೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಬರೆಯಲು ನಾನು ಹೊಸ ನೋಟ್‌ಬುಕ್ ಕೊಟ್ಟೆ. ಬಾಪ ಅದನ್ನು ಮಾರಾಟಕ್ಕೆ ಇಟ್ಟರು. ಸಾಲದ ಪುಸ್ತಕದ ಕೊನೆಯ ಹಾಳೆ ಸಾಕು ಎಂದರು.

ಮೂರು ವಾರದಲ್ಲಿ ಒಂದು ಲಯ ಕಾಣತೊಡಗಿತು. ಭಾನುವಾರ 134. ಸೋಮವಾರ ಸಂಜೆ 158. ಮಂಗಳವಾರ ಮಧ್ಯಾಹ್ನ ತಲೆ ತಿರುಗುತ್ತದೆ ಎಂದಾಗ ನೋಡಿದರೆ 106. ಬುಧವಾರ 132. ಗುರುವಾರ ಸಂಜೆ ಮತ್ತೆ 155. ಶುಕ್ರವಾರ ಇಳಿತ. ಉಪ್ಪು ವಾರದ ಏಳು ದಿನವೂ ಒಂದೇ ಮನೆಯ ಉಪ್ಪು. ಏರುವುದು ಬಂದರಿನ ದಿನ ಮಾತ್ರ.

ಗೇಜಿನ ತಪ್ಪಲ್ಲ, ಯಾರೋ ವಾಲ್ವ್ ತಿರುಗಿಸುತ್ತಿದ್ದಾರೆ.

ಮುಂದಿನ ಸೋಮವಾರ ನಾನೂ ಬಸ್ ಹತ್ತಿದೆ. ಬಂದರಿನಲ್ಲಿ ಬಾಪ ಮೂರು ಅಂಗಡಿ ಸುತ್ತಿದರು, ಹಳೆಯ ಬಾಕಿಯ ಬಗ್ಗೆ ಒಬ್ಬರೊಡನೆ ಏರುದನಿಯಲ್ಲಿ ಮಾತಾಡಿದರು, ಲೋಡ್ ಕಟ್ಟಿಸಿದರು. ಬಿಸಿಲಿಗೆ ನಾನು ಎರಡು ಸಲ ಶರ್ಬತ್ತು ಕುಡಿದೆ. ಅವರು ಒಂದು ತೊಟ್ಟು ನೀರು ಕುಡಿಯಲಿಲ್ಲ. ಕ್ಲಿನಿಕ್ಕಿನ ಎರಡು ಮಾಳಿಗೆ ಹತ್ತಿದ ಕೂಡಲೇ ನಂಬರ್ ಬಂತು, ನಿಂತ ಉಸಿರಿನಲ್ಲೇ ಪಟ್ಟಿ ಕಟ್ಟಿದರು. 168.

ಹಿಂದೆ ಬರುವಾಗ ಬಸ್ಸು ನೇತ್ರಾವತಿ ಸೇತುವೆಯ ಮೇಲಿತ್ತು. ನಾನು ಕೇಳಿದೆ, "ಬಾಪ, ಇವತ್ತಿನ ಮಾತ್ರೆ ತಿಂದಿದ್ದೀರಾ?"

ಅವರು ಹೊಳೆ ನೋಡುತ್ತಾ ಕೂತರು. ತೊಕ್ಕೊಟ್ಟು ದಾಟಿದ ಮೇಲೆ ಹೇಳಿದರು, "ಅದು ತಿಂದರೆ ಗಂಟೆಗೊಮ್ಮೆ ಮೂತ್ರಕ್ಕೆ ಹೋಗಬೇಕು ಮೋನೇ. ಬಸ್ಸಿನಲ್ಲಿ ಎಲ್ಲಿಗೆ ಹೋಗುವುದು? ಬಂದರಿನಲ್ಲಿ ಯಾರನ್ನು ಕೇಳುವುದು?"

ಅವರ ಮಾತ್ರೆಯಲ್ಲಿ ಬಿ.ಪಿ. ಇಳಿಸುವ ಮದ್ದಿನ ಜೊತೆಗೆ ನೀರು ಇಳಿಸುವ ಮದ್ದೂ ಸೇರಿತ್ತು, ಹೈಡ್ರೋಕ್ಲೋರೋಥಯಾಜೈಡ್. ನುಂಗಿದ ಎರಡು ಗಂಟೆಯಲ್ಲಿ ಅದರ ಕೆಲಸ ಶುರು, ನಾಲ್ಕು ಗಂಟೆಗೆ ಜೋರು. ಆರೂವರೆಯ ಬಸ್ಸಿಗೆ ಮೊದಲು ನುಂಗಿದರೆ ಬಂದರಿನ ನಟ್ಟನಡುವೆ. ಒಮ್ಮೆ ಸಂಜೆ ಮನೆಗೆ ಬಂದು ನುಂಗಿ ನೋಡಿದರಂತೆ, ರಾತ್ರಿಯಿಡೀ ಎದ್ದು ಎದ್ದು ನಿದ್ದೆಯಿಲ್ಲ. ಹಾಗಾಗಿ ಬಂದರಿನ ದಿನ ಮಾತ್ರೆ ಇಲ್ಲ. ಮರುದಿನ ಬೆಳಿಗ್ಗೆ ಎರಡು! ನಿನ್ನೆಯ ಬಾಕಿ, ಇವತ್ತಿನದು. ಅಂಗಡಿಯವರ ಲೆಕ್ಕ ನೋಡಿ, ಬಾಕಿ ಉಳಿಸಲಿಕ್ಕಿಲ್ಲ. ಅಕ್ಕಿ ಅಳೆಯುತ್ತಾ ಬಿದ್ದ ಆ ಮಂಗಳವಾರ, ಪ್ರಮಾಣ ಹೆಚ್ಚಿಸಿದ ಮಾತ್ರೆಯನ್ನೇ ಅವರು ಎರಡು ನುಂಗಿದ್ದರು.

ಮಾತ್ರೆ ಬಿಟ್ಟರೆ ಏನೂ ಆಗುವುದಿಲ್ಲ ಎಂಬ ಧೈರ್ಯ ಎಲ್ಲಿಂದ ಬಂತು ಎಂದು ಕೇಳಿದಾಗ ಬಂದ ಉತ್ತರ ಇನ್ನೂ ಹಿಂದಿನದು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿತಲ್ಲ, ಆಗ ಅವರ ಮಾತ್ರೆ ಮುಗಿದಿತ್ತು. ಮಂಗಳೂರಿಗೆ ಹೋಗುವಂತಿಲ್ಲ. ಒಂಬತ್ತು ದಿನ ಮಾತ್ರೆ ಇರಲಿಲ್ಲ, ಏನೂ ಆಗಲಿಲ್ಲ. ಕೊನೆಗೆ ಆರೋಗ್ಯ ಕೇಂದ್ರದಿಂದ ಬೇರೆ ಮಾತ್ರೆ ಸಿಕ್ಕಿತು, ಲಕೋಟೆಯ ಮೇಲೆ ಹೊತ್ತು ಬರೆದದ್ದು ಮಲಯಾಳದಲ್ಲಿ. ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಹಿರಿಯರಲ್ಲಿ ಹೀಗೆ ಎಷ್ಟು ಜನ ಅಂದಾಜಿನಲ್ಲಿ ಮಾತ್ರೆ ನುಂಗುತ್ತಾರೋ. ಬಿ.ಪಿ. ಏರಿದ್ದು ಮೈಗೆ ಗೊತ್ತಾಗುವುದಿಲ್ಲ, ಅದೇ ಅದರ ಕೆಟ್ಟ ಗುಣ. ಒಂಬತ್ತು ದಿನ ನೋವಿಲ್ಲ, ತಲೆಸುತ್ತಿಲ್ಲ ಎಂದರೆ ಒತ್ತಡ ಇರಲಿಲ್ಲ ಎಂದಲ್ಲ.

ಏರಿಳಿತ ಇದ್ದರೇನಂತೆ, ಸರಾಸರಿ ಸರಿ ಇದ್ದರೆ ಸಾಲದೇ ಎಂದು ನಾನು ಮೊದಲು ಅಂದುಕೊಂಡಿದ್ದೆ. ಸಾಲದು. ಆಕ್ಸ್‌ಫರ್ಡಿನ ಪೀಟರ್ ರಾತ್‌ವೆಲ್ ಮತ್ತು ಅವರ ಜೊತೆಗಾರರು 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನೇ ತೋರಿಸಿದರು: ಒಂದು ಭೇಟಿಯಿಂದ ಇನ್ನೊಂದು ಭೇಟಿಗೆ ಬಿ.ಪಿ. ಬಹಳ ಹಾರಾಡುವವರಿಗೆ, ಸರಾಸರಿ ಏನೇ ಇರಲಿ, ಸ್ಟ್ರೋಕಿನ ಅಪಾಯ ಹೆಚ್ಚು. ಯಾವ ಮದ್ದು ಎಂಬುದೂ ಮುಖ್ಯ. ಆಮ್ಲೋಡಿಪಿನ್ ಬಗೆಯವು ಈ ಹಾರಾಟವನ್ನು ತಗ್ಗಿಸುತ್ತವೆ, ಅಟೆನೊಲಾಲ್ ಬಗೆಯವು ಅಷ್ಟಾಗಿ ತಗ್ಗಿಸುವುದಿಲ್ಲ. ಆಮ್ಲೋಡಿಪಿನ್ ಮೈಯಿಂದ ಅರ್ಧ ಇಳಿಯಲಿಕ್ಕೇ 30ರಿಂದ 50 ಗಂಟೆ ಬೇಕು. ಅಪ್ಪಿತಪ್ಪಿ ಒಂದು ದಿನ ಮರೆತರೂ ಪೂರ್ತಿ ಕೈಬಿಡುವುದಿಲ್ಲ.

ವಯಸ್ಸಾದವರಲ್ಲಿ ಈ ಹಾರಾಟ ಯಾಕೆ ಹೆಚ್ಚು ಎಂಬುದು ನನಗೆ ಅರ್ಥವಾದದ್ದು ಪಾಲಿಟೆಕ್ನಿಕ್ ಲ್ಯಾಬಿನ ರೆಸಿಪ್ರೊಕೇಟಿಂಗ್ ಪಂಪಿನ ನೆನಪಿನಿಂದ. ಅದು ನೀರನ್ನು ತಳ್ಳಿ ತಳ್ಳಿ ಕೊಡುತ್ತದೆ, ಹೃದಯದ ಹಾಗೆ. ಪೈಪಿನಲ್ಲಿ ನೀರು ಒಂದೇ ಸಮನೆ ಹರಿಯಲಿ ಎಂದು ಪಕ್ಕದಲ್ಲಿ ಗಾಳಿ ತುಂಬಿದ ಒಂದು ಸಣ್ಣ ಪಾತ್ರೆ ಇಟ್ಟಿರುತ್ತಾರೆ, ಏರ್ ವೆಸೆಲ್. ತಳ್ಳಿದಾಗ ಗಾಳಿ ಅದುಮಿಕೊಂಡು ನೀರಿಗೆ ಜಾಗ ಕೊಡುತ್ತದೆ, ಬಿಟ್ಟಾಗ ಹಿಂದಕ್ಕೆ ಒತ್ತುತ್ತದೆ. ಮೈಯಲ್ಲಿ ಆ ಕೆಲಸ ದೊಡ್ಡ ರಕ್ತನಾಳದ ಗೋಡೆಯದು. 1733ರಲ್ಲೇ ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ, ಕುದುರೆಯ ರಕ್ತನಾಳಕ್ಕೆ ಕೊಳವೆ ಇಟ್ಟು ಒತ್ತಡ ಅಳೆದವರು, ಬೆಂಕಿ ಆರಿಸುವ ಪಂಪಿನ ಏರ್ ವೆಸೆಲ್ಲಿಗೇ ಇದನ್ನು ಹೋಲಿಸಿದ್ದರು. ವಯಸ್ಸಾದಂತೆ ಗೋಡೆ ಗಟ್ಟಿಯಾಗುತ್ತದೆ. ಪ್ರತಿ ತಳ್ಳುವಿಕೆಯೂ ನೇರ ಗೇಜಿಗೆ ಹೊಡೆಯುತ್ತದೆ. ಮೇಲಿನದು ಏರುತ್ತದೆ, ಕೆಳಗಿನದು ಇಳಿಯುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿ ಒತ್ತಡ ತಿಳಿದು ಹೃದಯಕ್ಕೆ ಸುದ್ದಿ ಮುಟ್ಟಿಸುವ ನರಗಳೂ ನಿಧಾನವಾಗುತ್ತವೆ. ಬಗ್ಗಿದವರು ಥಟ್ಟನೆ ಎದ್ದಾಗ ಒತ್ತಡ ಹಿಡಿದು ನಿಲ್ಲಿಸುವವರು ತಡವಾಗಿ ಬರುತ್ತಾರೆ. ಅದರ ಮೇಲೆ ಎರಡೆರಡು ಮಾತ್ರೆ.

ಸಾಲದ ಪುಸ್ತಕ ಇನ್ನೂ ಎರಡು ವಿಷಯ ಹಿಡಿದುಕೊಟ್ಟಿತು. ಬಾಪನಿಗೆ ಮಂಡಿನೋವು. ಜಾಸ್ತಿಯಾದಾಗ ಯಾರನ್ನೂ ಕೇಳದೆ ಡೈಕ್ಲೋಫೆನಾಕ್ ನುಂಗುತ್ತಿದ್ದರು. ಅದು, ಐಬುಪ್ರೊಫೆನ್, ಇವೆಲ್ಲ ಮೈಯಲ್ಲಿ ಉಪ್ಪುನೀರು ನಿಲ್ಲಿಸುತ್ತವೆ, ಬಿ.ಪಿ. ಮಾತ್ರೆಯ ಶಕ್ತಿ ಕುಗ್ಗಿಸುತ್ತವೆ. ಎರಡನೆಯದು ಅಂಗಡಿಯಲ್ಲೇ ಮಾರುವ ಹೊಟ್ಟೆಯುಬ್ಬರದ ನೊರೆಪುಡಿ. ಅದೂ ಸೋಡಿಯಂ. ಉಮ್ಮನ ಸಾರನ್ನು ಸಪ್ಪೆ ಮಾಡಿಸಿದ ನಾನು ಆ ಪುಡಿಯ ಪೊಟ್ಟಣ ಮಾಲೆಯಂತೆ ಜೋತಾಡುವುದನ್ನು ದಿನಾ ನೋಡುತ್ತಿದ್ದೆ.

ಉಪ್ಪು ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಒಂದು ಟೀ ಚಮಚದಷ್ಟೂ ಇಲ್ಲ. ಒಣಮೀನು ಮತ್ತು ಉಪ್ಪಿನಕಾಯಿಯ ಗಂಜಿ ಊಟದಲ್ಲಿ ಅದು ಮಧ್ಯಾಹ್ನಕ್ಕೇ ದಾಟಿರಬಹುದು. ಆದರೆ ನಮ್ಮ ಮನೆಯ ಸೋಮವಾರ, ಗುರುವಾರಗಳಿಗೆ ಉತ್ತರ ಭರಣಿಯಲ್ಲಿ ಇರಲಿಲ್ಲ. ವಿಷಯ ತಿಳಿದ ದಿನ ಉಮ್ಮ ಹೇಳಿದ್ದು ಇಷ್ಟೇ: "ಮಾತ್ರೆ ನುಂಗದ್ದು ಇವರು, ಸಪ್ಪೆ ತಿಂದದ್ದು ನಾನು." ಬಾಪ ಏನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಕ್ಷಮೆ ಕೇಳುವ ಅಭ್ಯಾಸ ನಮ್ಮ ಮನೆಯ ಗಂಡಸರಿಗೆ ಇಲ್ಲ. ಅಟ್ಟದಿಂದ ಭರಣಿ ಇಳಿಸಿ ಅಡುಗೆಮನೆಯ ಮೂಲೆಯಲ್ಲಿಟ್ಟೆ. ಉಮ್ಮ ಅದನ್ನು ಒರೆಸಿ ಮತ್ತೆ ಅಟ್ಟಕ್ಕೇ ಇಡಿಸಿದರು.

ಡಾಕ್ಟರನ್ನು ಈ ಸಲ ಒಂದು ಬುಧವಾರ ಕಂಡೆವು, ಬಂದರಿಗೆ ಹೋಗದೆ, ಮಾತ್ರೆ ನುಂಗಿ, ಕೆಳಗಿನ ಬೆಂಚಿನಲ್ಲಿ ಹತ್ತು ನಿಮಿಷ ಕೂತು. ಸಾಲದ ಪುಸ್ತಕವನ್ನೇ ಅವರ ಮೇಜಿನ ಮೇಲೆ ಹಿಂಬದಿಯಿಂದ ತೆರೆದು ಇಟ್ಟೆ. ಅವರು ಎರಡು ಪುಟ ನಿಧಾನವಾಗಿ ಓದಿದರು. "ಇದನ್ನು ಮೊದಲೇ ಹೇಳಬಾರದಿತ್ತಾ ಬ್ಯಾರಿಗಳೇ, ಬೇರೆ ಮಾತ್ರೆ ಕೊಡುತ್ತಿದ್ದೆನಲ್ಲ" ಎಂದರು. ಬಾಪ ನೆಲ ನೋಡಿದರು. ಎದುರಿಗೆ ನರ್ಸ್ ಹುಡುಗಿ ನಿಂತಿರುವಾಗ ಮೂತ್ರದ ವಿಷಯ ಹೇಗೆ ಹೇಳುವುದು ಎಂದು ಆಮೇಲೆ ನನ್ನೊಡನೆ ಹೇಳಿದರು.

ನೀರು ಇಳಿಸುವ ಮದ್ದು ತೆಗೆದು ಆಮ್ಲೋಡಿಪಿನ್ ಸೇರಿಸಿದರು, ಒಟ್ಟು ಪ್ರಮಾಣ ತಗ್ಗಿಸಿದರು. ಬೆಳಿಗ್ಗೆಯಾ ರಾತ್ರಿಯಾ ಎಂದು ಕೇಳಿದೆ. ನಿಮಗೆ ಮರೆಯದ ಹೊತ್ತು ಯಾವುದೋ ಅದು ಎಂದರು. ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಟೈಮ್ ಅಧ್ಯಯನದ ಫಲಿತಾಂಶವೂ ಅದೇ: ಹೃದಯಾಘಾತ, ಸ್ಟ್ರೋಕುಗಳ ಮಟ್ಟಿಗೆ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಬಾಪ ಇಶಾ ನಮಾಜು ಮುಗಿಸಿ ಬಂದು ನುಂಗುತ್ತಾರೆ. ಮರೆತರೆ ಮರುದಿನ ಎರಡು ನುಂಗಬಾರದು ಎಂದು ಡಾಕ್ಟರ್ ಮೂರು ಸಲ ಹೇಳಿದರು, ಮೂರನೆಯ ಸಲ ಬೆರಳು ತೋರಿಸಿ. ರಮಳಾನ್ ಶುರುವಾಗುವ ಎರಡು ವಾರ ಮೊದಲು ಬಂದು ಕಾಣಬೇಕು ಎಂದೂ ಹೇಳಿದರು. ಉಪವಾಸದ ಬೇಸಿಗೆಯಲ್ಲಿ ನೀರಿನ ಮದ್ದು ತಿನ್ನುವವರು ತಮ್ಮಷ್ಟಕ್ಕೆ ಹೊತ್ತು ಬದಲಿಸಿಕೊಂಡು ಅಸರಿನ ಹೊತ್ತಿಗೆ ತಲೆಸುತ್ತಿ ಬೀಳುವುದನ್ನು ಅವರು ಪ್ರತಿ ವರ್ಷ ನೋಡುತ್ತಾರಂತೆ.

ಈಗ ಸೋಮವಾರ ಸಂಜೆ 138, ಮಂಗಳವಾರ 130. ಬಂದರಿನಲ್ಲಿ ಬಾಪ ನೀರು ಕುಡಿಯುತ್ತಾರೆ. ಪಾದ ಸ್ವಲ್ಪ ಊದುತ್ತದೆ, ಆಮ್ಲೋಡಿಪಿನ್ನಿಗೆ ಆ ಗುಣ ಇದೆ. ಈ ಸಲ ಮುಚ್ಚಿಡಲಿಲ್ಲ. ಊದಿದ ದಿನವೇ ಪುಸ್ತಕದಲ್ಲಿ ಅಂಕಿಯ ಪಕ್ಕ "ಕಾಲು" ಎಂದು ಬರೆದಿದ್ದಾರೆ. ಕಳೆದ ಗುರುವಾರದ ಸಾಲಿನಲ್ಲಿ 151 ಎಂದಿತ್ತು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬಾಕಿ ಕೊಡದ ಗಿರಾಕಿಯೊಬ್ಬರ ಹೆಸರು.